ಆರನೇ ಕ್ಯಾಸೆಟ್ಟು

ನನ್ನ ಕಿವಿಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದ್ದನ್ನೆಲ್ಲ ನೀವು ಮುದುಕಿಯ ಭ್ರಮೆ ಅಂತ ತಳ್ಳಿಹಾಕುತ್ತೀರಿ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ನಾನು. ತಲೆಗೆ ಹೆಡ್‌ಫೋನು, ಎದುರಿಗೆ ಬೋರ್ಡು, ಕೈಯಲ್ಲಿ ವೈರು. ಅತ್ತ ಕಡೆಯವರು 'ಹಲೋ' ಅನ್ನುವುದರಲ್ಲೇ ಆ ಮನೆಯಲ್ಲಿ ಜಗಳ ಆಗಿದೆಯೋ ಸಾವು ಆಗಿದೆಯೋ ನನಗೆ ಗೊತ್ತಾಗುತ್ತಿತ್ತು. ಈಗ ಮೊಣಕಾಲು ಹೋಯಿತು, ಕಣ್ಣಿಗೆ ಎರಡು ಸಲ ಆಪರೇಷನ್ ಆಯಿತು. ಕಿವಿ ಮಾತ್ರ ಹಾಗೇ ಇದೆ. ಹಿಂದಿನ ರೂಮಿನಲ್ಲಿ ಮಗ ಬಿಸ್ಕತ್ತಿನ ಡಬ್ಬ ತೆರೆದರೆ, ಎಷ್ಟು ಬಿಸ್ಕತ್ತು ತೆಗೆದ ಅಂತ ಅಡುಗೆಮನೆಯಿಂದಲೇ ಹೇಳಬಲ್ಲೆ.

ಮನೆಯಲ್ಲಿ ನಾವು ನಾಲ್ಕು ಜನ. ನಾನು, ಮಗ, ಸೊಸೆ, ಮೊಮ್ಮಗಳು. ಮಗ ಲಿಫ್ಟು ರಿಪೇರಿ ಮಾಡುತ್ತಾನೆ. ದಿನವಿಡೀ ಮೇಲೆ ಕೆಳಗೆ ಹೋಗಿ ಬರುವುದಕ್ಕೋ ಏನೋ, ಮನೆಯಲ್ಲಿ ಯಾರ ಜಗಳವಾದರೂ ಅವನು ಎರಡು ಮಹಡಿಯ ಮಧ್ಯೆ ಸಿಕ್ಕಿಕೊಂಡವನ ಹಾಗೆ ಸುಮ್ಮನಿರುತ್ತಾನೆ. ಮೊಮ್ಮಗಳಿಗೆ ಐದು ವರ್ಷ. ಹುಟ್ಟಿದ ದಿನ ಅವಳು ಅತ್ತಿದ್ದು ಆಸ್ಪತ್ರೆಯ ಗೇಟಿನವರೆಗೂ ಕೇಳಿಸಿತ್ತು, ದೂರದ ಊರಿಗೆ ಮಾತಾಡಲು ಇವಳಿಗೆ ಫೋನೇ ಬೇಡ ಅಂತ ನಾನು 'ಟ್ರಂಕಾಲು' ಅಂದೆ. ಆ ಹೆಸರೇ ನಿಂತುಬಿಟ್ಟಿತು. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಟ್ರಂಕಾಲು ನನ್ನ ಪಾಲು. ಅವಳ ಬಾಯಿ ಮುಚ್ಚುತ್ತಿದ್ದದ್ದು ನಿದ್ದೆಯಲ್ಲಿ ಮಾತ್ರ, ಅದೂ ಪೂರ್ತಿ ಅಲ್ಲ.

ಸೊಸೆಗೆ ಸ್ಪ್ಯಾನಿಷ್ ಬರುತ್ತದೆ. ಟೈಲ್ಸ್ ಮಾಡುವ ಕಾರ್ಖಾನೆಯೊಂದರಲ್ಲಿ ಕೂತು, ಅಲ್ಲಿಗೆ ಬರುತ್ತಿದ್ದ ಯಂತ್ರಗಳ ಪುಸ್ತಕಗಳನ್ನು ಒಂಬತ್ತು ವರ್ಷ ನಮ್ಮ ಭಾಷೆಗೆ ಮಾಡಿಕೊಟ್ಟಳು. ಕಾರ್ಖಾನೆ ಮುಚ್ಚಿತು. ಎಂಟು ತಿಂಗಳು ಮನೆಯಲ್ಲಿ ಮುಖ ಊದಿಸಿಕೊಂಡು ಕೂತಳು. ಆಮೇಲೆ ಎರಡು ಬೀದಿ ಆಚೆಯ ಶಿಶುವಿಹಾರದ ಹೆಡ್‌ಮಿಸ್ಸು, ಪಕ್ಕದ ಶಾಲೆಯವರು ಫ್ರೆಂಚ್ ಶುರುಮಾಡಿದರು ಅನ್ನುವ ಹೊಟ್ಟೆಕಿಚ್ಚಿಗೆ, ತಾವು ಸ್ಪ್ಯಾನಿಷ್ ಕಲಿಸುತ್ತೇವೆ ಅಂತ ಬೋರ್ಡು ಹಾಕಿಸಿದರು. ಬೋರ್ಡು ಹಾಕಿದ ಮೇಲೆ ಟೀಚರು ಬೇಕಲ್ಲ, ಸೊಸೆಯನ್ನು ಕರೆದರು. ಏಳು ವಾರ ನೋಡುತ್ತೇವೆ, ಕೊನೆಗೆ ತಂದೆತಾಯಂದಿರನ್ನು ಕರೆಸುತ್ತೇವೆ, ಮಕ್ಕಳು ನಾಲ್ಕು ಮಾತಾಡಿದರೆ ಕೆಲಸ ಕಾಯಂ, ಇಲ್ಲದಿದ್ದರೆ ನಮಸ್ಕಾರ ಅಂದರಂತೆ. ಕ್ಲಾಸಿನಲ್ಲಿ ಹದಿನಾಲ್ಕು ಮಕ್ಕಳು, ಅದರಲ್ಲಿ ನಮ್ಮ ಟ್ರಂಕಾಲೂ ಒಬ್ಬಳು.

ಮೊದಲ ದಿನವೇ ಪಜೀತಿ. ಅವಳಿಗೆ ಬರುತ್ತಿದ್ದದ್ದು ಯಂತ್ರದ ಸ್ಪ್ಯಾನಿಷ್. ಬೆಲ್ಟು ಬಿಗಿ ಮಾಡಿ, ಕೈ ಒಳಗೆ ಹಾಕಬೇಡಿ, ಒಲೆ ಆರುವವರೆಗೆ ದೂರ ನಿಲ್ಲಿ. 'ಬೆಕ್ಕಿನ ಮರಿ' ಅನ್ನುವುದಕ್ಕೆ ಅವಳು ಡಿಕ್ಷನರಿ ತೆಗೆಯಬೇಕಾಯಿತು. ರಾತ್ರಿ ಊಟಕ್ಕೆ ಕೂತಾಗ ಮಗ, ಮಕ್ಕಳು ಒಂದು ದೊಡ್ಡ ಓವನ್ ಬಿಚ್ಚಿ ಜೋಡಿಸೋದು ಕಲಿತರೂ ಸಾಕು ಬಿಡು ಅಂದ. ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಆಮೇಲೆ ಶುರುವಾಯಿತು ಹುಡುಕಾಟ. ಫ್ರಿಜ್ಜು, ಬಾಗಿಲು, ಕುರ್ಚಿ, ಅಕ್ಕಿ ಡಬ್ಬ, ನನ್ನ ಹಲ್ಲಿನ ಸೆಟ್ಟು ಇಡುವ ಲೋಟ, ಎಲ್ಲದರ ಮೇಲೂ ಸ್ಪ್ಯಾನಿಷ್ ಚೀಟಿ ಅಂಟಿಸಿದಳು. ಹಳೇ ಕಾಲುಚೀಲಕ್ಕೆ ಗುಂಡಿಯ ಕಣ್ಣು ಹೊಲಿದು ಬೊಂಬೆ ಮಾಡಿದಳು, ಮಕ್ಕಳು ಕಣ್ಣು ಕಿತ್ತು ಆಡಿದರು. ಲೈಬ್ರರಿಯ ಚಿತ್ರಪುಸ್ತಕ ತಂದಳು, ಒಂದು ಪುಸ್ತಕ, ಹದಿನಾಲ್ಕು ತಲೆ, ಹಿಂದೆ ಕೂತವರಿಗೆ ಕಾಣದು. ಫೋನಿನಲ್ಲಿ ಕುಣಿಯುವ ಹಣ್ಣುಗಳ ಹಾಡು ಹಾಕಿದಳು, ಮಕ್ಕಳು ಹಣ್ಣು ನೋಡಿದರು, ಬಾಯಿ ಬಿಡಲಿಲ್ಲ. ಬಣ್ಣದ ಕಾರ್ಡು ಕತ್ತರಿಸಿ ಕತ್ತರಿಸಿ ಅವಳ ಹೆಬ್ಬೆರಳಿನಲ್ಲಿ ಬೊಬ್ಬೆ ಬಂತು. ಕೂತು ಕತ್ತರಿಸೋಕೆ ನಾನೂ ಬರುತ್ತೇನೆ ಅಂದರೆ ಬೇಡ ಅತ್ತೆ ಅಂದಳು. ನಾನು ಹಿಂದೆ ಯಾವಾಗಲೋ, ಈ ಊರಲ್ಲಿ ಸ್ಪ್ಯಾನಿಷ್ ಯಾರ ಜೊತೆ ಮಾತಾಡ್ತಾರಂತೆ, ಪಾರಿವಾಳದ ಜೊತೆನಾ ಅಂದಿದ್ದೆ. ಆ ಮಾತನ್ನು ಅವಳು ಗಂಟು ಕಟ್ಟಿ ಇಟ್ಟುಕೊಂಡಿದ್ದಳು.

ಎರಡನೇ ವಾರ ಗುಜರಿ ಅಂಗಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ತಂದಳು. ಒಳಗೆ ಹಳೇ ಟೇಪ್ ರೆಕಾರ್ಡರು, ಬಟ್ಟೆಯ ಮೇಲೆ ಕಸೂತಿ ಹಾಕಿದ ಚಿತ್ರಗಳು, ಆರು ಕ್ಯಾಸೆಟ್ಟು. ಕ್ಯಾಸೆಟ್ಟುಗಳ ಮೇಲೆ ಒಂದರಿಂದ ಆರು ಅಂತ ನೀಲಿ ಇಂಕಿನಲ್ಲಿ ಬರೆದಿತ್ತು. ಸೊಸೆ ಊಟದ ಮೇಜಿನ ಮೇಲೆ ಟೇಪು ಇಟ್ಟು ಒಂದನೆಯದನ್ನು ಹಾಕಿದಳು.

ಒಬ್ಬ ಹೆಂಗಸಿನ ದನಿ. ತಗ್ಗಿದ ದನಿ, ಅವಸರ ಇಲ್ಲ, ಬಾಯಿಗೆ ಹತ್ತಿರ ಮೈಕು ಹಿಡಿದು ಮಾತಾಡಿದ್ದು. ನನ್ನ ಕಸುಬಿನಲ್ಲಿ ಅಂಥ ದನಿಗೆ ಬಹಳ ಬೆಲೆ. ಅವಳು ಏನೋ ಕೇಳುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಖಾಲಿ. ಆಮೇಲೆ 'ಮುಯ್ ಬಿಯೆನ್' ಅನ್ನುತ್ತಾಳೆ, ಬಹಳ ಚೆನ್ನಾಯ್ತು ಅಂತ. ಮಕ್ಕಳು ಉತ್ತರ ಹೇಳಲಿ ಅಂತ ಜಾಗ ಬಿಟ್ಟಿದ್ದಾಳೆ ಅತ್ತೆ, ಎಷ್ಟು ಚೆನ್ನಾಗಿ ಮಾಡಿದ್ದಾಳೆ ನೋಡಿ ಅಂತ ಸೊಸೆ ಹಿಗ್ಗಿದಳು. ಎಂಟು ತಿಂಗಳಲ್ಲಿ ಅವಳು ನನ್ನ ಹತ್ತಿರ ನಗುನಗುತ್ತ ಆಡಿದ ಮೊದಲ ಮಾತು ಅದು.

ಹಾಲಿನ ಲೋಟ ಹಿಡಿದುಕೊಂಡಿದ್ದ ಟ್ರಂಕಾಲು ಲೋಟ ಕೆಳಗಿಟ್ಟಳು. ಟೇಪಿನ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತಳು. ಅರ್ಧ ಗಂಟೆ ಕೂತಳು. ನಾನು ಆ ಹುಡುಗಿಯನ್ನು ಜ್ವರ ಬಂದಾಗ ಬಿಟ್ಟರೆ ಅಷ್ಟು ಹೊತ್ತು ಒಂದು ಕಡೆ ಕೂತದ್ದು ನೋಡಿರಲಿಲ್ಲ.

ಕ್ಲಾಸಿನಲ್ಲೂ ಹಾಗೇ ಆಯಿತಂತೆ. ಟೇಪು ಹಾಕಿದರೆ ಹದಿನಾಲ್ಕು ಮಕ್ಕಳೂ ಗಪ್‌ಚಿಪ್. ಖಾಲಿ ಜಾಗ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಉತ್ತರ ಹೇಳುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ. ಮೂರನೇ ವಾರದ ಹೊತ್ತಿಗೆ ಸೊಸೆ ಕತ್ತರಿ, ಗೋಂದು, ಕಾಲುಚೀಲ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದಳು. ಮನೆಯಲ್ಲಿ ಹಾಡು ಗುನುಗತೊಡಗಿದಳು. ಮಗ ಬಿಸ್ಕತ್ತಿಗೆ ಮುಚ್ಚುಮರೆ ಬಿಟ್ಟ.

ನನಗೆ ಮೊದಲು ಮೈ ಜುಮ್ಮೆಂದದ್ದು ಎರಡನೇ ಕ್ಯಾಸೆಟ್ಟಿಗೆ. ಆಕಾಶ ಯಾವ ಬಣ್ಣ ಅಂತ ಹೆಂಗಸು ಕೇಳುತ್ತಾಳೆ. ಖಾಲಿ. ಆಮೇಲೆ ಅವಳು ಗೊಳ್ಳನೆ ನಗುತ್ತಾಳೆ. ಅಲ್ಲಮ್ಮ, ಹಸಿರಲ್ಲ, ನೀಲಿ ಅನ್ನುತ್ತಾಳೆ. ಟ್ರಂಕಾಲು ಆ ಜಾಗದಲ್ಲಿ ದಿನಾ 'ವೆರ್ದೆ' ಅನ್ನುತ್ತಿದ್ದಳು, ಅಂದರೆ ಹಸಿರು. ನಾನು ಅವಳನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ನಮ್ಮ ಭಾಷೆಯಲ್ಲೇ ಕೇಳಿದೆ, ಮೇಲೆ ನೋಡು, ಯಾವ ಬಣ್ಣ.

"ಹಸಿರು."

"ಸರಿಯಾಗಿ ನೋಡೇ."

"ನೀಲಿ ಅಂತ ಗೊತ್ತು ಅಜ್ಜಿ. ಆದ್ರೆ ಅಲ್ಲಿ ಹಸಿರು ಅನ್ಬೇಕು. ಆಗ ಅವರು ನಗ್ತಾರೆ." ನನ್ನ ಮುಖ ನೋಡಿ ಹೇಳಿದಳು. "ಈಗ ನೀನು ನಗ್ಬೇಕು."

ಹದಿನಾಲ್ಕೂ ಮಕ್ಕಳು ಹಸಿರು ಅನ್ನುತ್ತಾರೆ ಅಂತ ಸೊಸೆಯೇ ಹೇಳಿದಳು. ಅವಳಿಗೆ ಅದೂ ಖುಷಿಯೇ, ಮಕ್ಕಳಿಗೆ ಆಟ ಹಿಡಿಸಿದೆ ಅಂತ. ಎಲ್ಲರೂ ಒಂದೇ ತಪ್ಪು ಮಾಡಿದರೆ ಅದು ತಪ್ಪಲ್ಲ, ಸಿಲಬಸ್ಸು ಅಂದ ಮಗ. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಆವತ್ತು ನಕ್ಕೆ.

ನಾಲ್ಕನೇ ಕ್ಯಾಸೆಟ್ಟಿನಿಂದ ನಗು ನಿಂತಿತು. ಅದರಲ್ಲಿ ಹೆಂಗಸು ಎಣಿಕೆ ಕಲಿಸುತ್ತಾಳೆ. ನಡುನಡುವೆ ಖಾಲಿ ಜಾಗ ಮುಗಿದ ಕೂಡಲೇ, ನೀರು ಕುಡಿ ಕಂದ ಅನ್ನುತ್ತಾಳೆ. ಐದನೆಯದರಲ್ಲಿ ಸ್ವಲ್ಪ ಮಲಗು, ಆಮೇಲೆ ಮಾಡೋಣ ಅನ್ನುತ್ತಾಳೆ. ಇದೆಲ್ಲ ನಾನು ಸೊಸೆಯ ಕೈಲಿ ಕೇಳಿ ತಿಳಿದದ್ದು. ಟ್ರಂಕಾಲು ಆ ಜಾಗಗಳಲ್ಲಿ ಕೆಮ್ಮತೊಡಗಿದಳು. ಸಣ್ಣಗೆ, ಎರಡು ಸಲ, ಬಾಯಿಗೆ ಕೈ ಅಡ್ಡ ಹಿಡಿದು. ಯಾರೂ ಹೇಳಿಕೊಟ್ಟಿರಲಿಲ್ಲ. ಹಣೆ ಮುಟ್ಟಿದೆ, ತಣ್ಣಗಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಎದೆಗೆ ಕಿವಿಗೊಟ್ಟು ಕೇಳಿ ಏನೂ ಇಲ್ಲ, ಗಟ್ಟಿಮುಟ್ಟಾಗಿದ್ದಾಳೆ ಅಂದರು. ಕ್ಲಾಸಿನಲ್ಲಿ ಹದಿನಾಲ್ಕು ಮಕ್ಕಳೂ ಅಲ್ಲಿ ಕೆಮ್ಮುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ಅದಕ್ಕಿಂತ ನನ್ನನ್ನು ಹಿಂಡಿದ್ದು ಬೇರೆ. ಟ್ರಂಕಾಲು ನನ್ನ ಹತ್ತಿರ ಮಾತು ಬಿಟ್ಟಳು. ಮುನಿಸಿನಿಂದ ಅಲ್ಲ. ಊಟಕ್ಕೆ ಬಾ ಅಂದರೆ ತಲೆ ಒಂದು ಕಡೆ ವಾಲಿಸಿ ಕಾಯುತ್ತಾಳೆ, ನಾನು ಇನ್ನೂ ಏನೋ ಹೇಳಬೇಕು ಅನ್ನುವ ಹಾಗೆ. ಹೇಳದಿದ್ದರೆ ಎದ್ದುಹೋಗುತ್ತಾಳೆ. ಮೊಟ್ಟೆ ಸುಲಿದು ಬಾಯಿಗಿಟ್ಟರೆ ತಿನ್ನುತ್ತಾಳೆ, ನನ್ನ ಕಡೆ ನೋಡುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಆ ಮನೆ ಎಷ್ಟು ಖಾಲಿ ಅನ್ನಿಸುತ್ತಿತ್ತು ಅಂದರೆ, ಮೂವತ್ತೊಂದು ವರ್ಷ ಸಾವಿರ ದನಿ ಕೇಳಿದವಳಿಗೆ ಒಂದೇ ಒಂದು ದನಿ ಇಲ್ಲ ಅಂತ ಅಡುಗೆಮನೆಯಲ್ಲಿ ನಿಂತು ಅತ್ತೆ.

ಒಂದು ಮಧ್ಯಾಹ್ನ ಅವಳು ಆರನೇ ಕ್ಯಾಸೆಟ್ಟು ತಾನೇ ಹಾಕಿಕೊಂಡಳು. ಅದು ಕಣ್ಣಾಮುಚ್ಚಾಲೆ. ಹೆಂಗಸು ಇಪ್ಪತ್ತರವರೆಗೆ ಎಣಿಸುತ್ತಾಳೆ. 'ದೊಂದೆ ಎಸ್ತಾಸ್?' ಅಂತ ಕೇಳುತ್ತಾಳೆ, ಎಲ್ಲಿದ್ದೀಯ ಅಂತ. ಖಾಲಿ. ಮತ್ತೆ ಕೇಳುತ್ತಾಳೆ. ಖಾಲಿ. ಮೂರನೇ ಸಲ ಕೇಳುತ್ತಾಳೆ, ಆಮೇಲೆ ಕ್ಯಾಸೆಟ್ಟು ಮುಗಿಯುವವರೆಗೂ ಖಾಲಿಯೇ. ಟ್ರಂಕಾಲು ಬೀರುವಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಟೇಪು ಟಕ್ ಅಂತ ನಿಂತರೂ ಹೊರಗೆ ಬರಲಿಲ್ಲ. ಕರೆದೆ, ಗದರಿದೆ, ಬಿಸ್ಕತ್ತಿನ ಆಸೆ ತೋರಿಸಿದೆ. ಕೊನೆಗೆ ಬಟ್ಟೆಗಳ ಮಧ್ಯದಿಂದ ಎಳೆದು ತೆಗೆದೆ. ಅವಳು ನನ್ನನ್ನು ಬಸ್ಸಿನಲ್ಲಿ ಪಕ್ಕ ಕೂತವರನ್ನು ನೋಡುವ ಹಾಗೆ ನೋಡಿದಳು.

"ಅವರು ಇನ್ನೂ ಹುಡುಕ್ತಾ ಇದ್ದಾರೆ," ಅಂದಳು.

ಆವತ್ತು ನಾನು ಆರೂ ಕ್ಯಾಸೆಟ್ಟುಗಳನ್ನು ಕಿವಿಗೆ ಹಚ್ಚಿ ಕೇಳಿದೆ. ಮಗನ ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ಬೋರ್ಡಿನ ಮುಂದೆ ಕೂತ ಹಾಗೆ. ಹೆಂಗಸಿನ ಮಾತು ಕೇಳಲಿಲ್ಲ, ಖಾಲಿ ಜಾಗ ಮಾತ್ರ ಕೇಳಿದೆ. ಒಂದು ಲೈನಿನಿಂದ ಇನ್ನೊಂದಕ್ಕೆ ಬದಲಿಸಿದಾಗ ಹಿಂದಿನ ಸದ್ದು ಬದಲಾಗುತ್ತದೆ, ಆಪರೇಟರುಗಳಿಗೆ ಅದು ಚೆನ್ನಾಗಿ ಗೊತ್ತು. ಹೆಂಗಸು ಮಾತಾಡುವಾಗ ಹಿಂದೆ ಕಿಟಕಿ, ರಸ್ತೆ, ದೂರದಲ್ಲಿ ಮಕ್ಕಳ ಗಲಾಟೆ. ಖಾಲಿ ಜಾಗ ಬಂದ ಕೂಡಲೇ ಸಣ್ಣ 'ಟಕ್'. ರಸ್ತೆ ಇಲ್ಲ, ಗಲಾಟೆ ಇಲ್ಲ, ಒಂದು ಗೋಡೆ ಗಡಿಯಾರ ಹೊಡೆದುಕೊಳ್ಳುತ್ತಿದೆ. ಮತ್ತೆ 'ಟಕ್', ಮತ್ತೆ ರಸ್ತೆ. ಪ್ರತಿ ಖಾಲಿ ಜಾಗವೂ ಹಾಗೇ. ಐದನೆಯದರಲ್ಲಿ ಒಂದು ಕಡೆ ಗಡಿಯಾರದ ಜೊತೆ ಯಾರೋ ಮುದುಕರು ಮೂಗು ಸೀಟಿದ ಸದ್ದು.

ಹೆಂಗಸು ಜಾಗ ಬಿಟ್ಟಿರಲೇ ಇಲ್ಲ. ಅಲ್ಲೆಲ್ಲ ಒಂದು ಮಗುವಿನ ಉತ್ತರ ಇತ್ತು. ಯಾರೋ ಇನ್ನೊಂದು ಕೋಣೆಯಲ್ಲಿ ಕೂತು, ರೆಕಾರ್ಡ್ ಗುಂಡಿ ಒತ್ತಿ ಒತ್ತಿ, ಒಂದೊಂದೇ ಉತ್ತರವನ್ನು ಅಳಿಸಿದ್ದರು.

ಮೊಣಕಾಲು ನೋವು ಅಂತ ನೋಡದೆ ಮರುದಿನವೇ ಗುಜರಿ ಅಂಗಡಿಗೆ ಹೋದೆ. ಅಂಗಡಿಯವನು ಫ್ಯಾನಿನ ತಾಮ್ರದ ತಂತಿ ಬಿಚ್ಚುತ್ತಿದ್ದ. ಪೆಟ್ಟಿಗೆ ತಂದವರು ಒಬ್ಬ ವಯಸ್ಸಾದವರು, ಮನೆ ಖಾಲಿ ಮಾಡುತ್ತಿದ್ದರು ಅಂದ. ಹೆಂಡತಿ ಮನೆಯಲ್ಲೇ ಮಗಳಿಗೆ ಪಾಠ ಹೇಳಿ ಟೇಪು ಮಾಡಿದ್ದರಂತೆ. ಮಗಳು ಆರು ವರ್ಷಕ್ಕೇ ಎದೆಯ ಕಾಯಿಲೆಯಲ್ಲಿ ಹೋದಳಂತೆ, ಹೆಂಡತಿ ಹೋಗಿ ಈಗ ಒಂದು ವರ್ಷ. ಪಾಠ ಯಾರಿಗಾದರೂ ಉಪಯೋಗ ಆಗಲಿ ಅಂತ ಕೊಟ್ಟರಂತೆ.

"ಮಗುವಿನ ದನಿ ಮಾತ್ರ ತೆಗೆದಿದ್ದೀನಿ ಅಂದ್ರಮ್ಮ," ಅಂದ ಅವನು. "ಅದನ್ನ ತಕ್ಕಡಿಗೆ ಹಾಕೋಕೆ ಮನಸ್ಸು ಬರಲಿಲ್ಲ ಅಂದ್ರು. ಆರು ತಿಂಗಳು ಕೂತು ತೆಗೆದ್ರಂತೆ. ಕೊನೆಯದ್ರಲ್ಲಿ ಅಮ್ಮ ಮಗಳು ಒಟ್ಟಿಗೆ ನಗ್ತಾರಂತೆ. ಬೇರೆ ಮಾಡೋಕೆ ಆಗಲಿಲ್ಲ, ಎರಡನ್ನೂ ಅಳಿಸಿಬಿಟ್ಟೆ ಅಂದ್ರು."

ಅವರು ಎಲ್ಲಿಗೆ ಹೋದರು ಅಂತ ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಗಬೇಕಾದ್ದು ಗೊತ್ತಾಯಿತು. ಕಣ್ಣಾಮುಚ್ಚಾಲೆಯಲ್ಲಿ ತಾಯಿ 'ಸಿಕ್ಕಿದೆ' ಅಂದಿದ್ದಳು. ಆ ನಗುವಿನ ಜೊತೆ ಅದೂ ಅಳಿಸಿಹೋಗಿದೆ. ಅದಕ್ಕೇ ಯಾರೂ ಸಿಗುತ್ತಿಲ್ಲ.

ಸೊಸೆಗೆ ಹೇಳಿದೆ. ಅವಳು ಆಲೂಗಡ್ಡೆ ಸುಲಿಯುತ್ತಿದ್ದವಳು ಚಾಕು ಕೆಳಗಿಡದೆ ಕೇಳಿದಳು. ಶನಿವಾರ ತಂದೆತಾಯಂದಿರು ಬರುತ್ತಾರೆ, ಇವತ್ತು ಗುರುವಾರ. ನಾನು ಕಡ್ಡಿ ಮುರಿದ ಹಾಗೆ ಹೇಳಿದೆ, ಆ ಪೆಟ್ಟಿಗೆ ಮನೆಯಲ್ಲಿ ಇರಬಾರದು.

"ಪಾಪ ಅನ್ಸುತ್ತೆ ಅತ್ತೆ. ಆದ್ರೆ ಅದರಲ್ಲಿ ಏನಿದೆ? ಒಬ್ಬ ತಾಯಿ ಪಾಠ ಮಾಡಿದಾಳೆ, ಅಷ್ಟೇ ತಾನೇ?"

"ಮಗು ನನ್ನನ್ನ ಗುರುತು ಹಿಡೀತಾ ಇಲ್ಲ ಕಣೇ."

"ನನ್ನನ್ನ ಈ ಮನೇಲಿ ಎಂಟು ತಿಂಗಳು ಯಾರು ಗುರುತು ಹಿಡಿದಿದ್ರು?" ಅಂದಳು. ದನಿ ಎತ್ತಲಿಲ್ಲ. ಆಲೂಗಡ್ಡೆಯ ಸಿಪ್ಪೆ ಉದ್ದಕ್ಕೆ, ಕಡಿಯದೆ ಇಳಿಯುತ್ತಿತ್ತು. "ಪಾರಿವಾಳಕ್ಕೆ ಪಾಠ ಹೇಳ್ತೀನಿ ಅಂದ್ರಿ. ಈಗ ಹದಿನಾಲ್ಕು ಮಕ್ಕಳು ಬಾಯಿ ಬಿಡ್ತಾ ಇದ್ದಾರೆ. ಎರಡು ದಿನ ಬಿಟ್ಟುಬಿಡಿ ನನ್ನ. ಆರನೇದು ಹಾಕಲ್ಲ, ಆಣೆ ಮಾಡ್ತೀನಿ."

ಮಗ ಬಾಗಿಲಲ್ಲಿ ನಿಂತಿದ್ದ. ಇಬ್ಬರ ಮುಖವನ್ನೂ ನೋಡಿ, ಕಸದ ಬುಟ್ಟಿ ತುಂಬಿದೆ ಅಂತ ಎತ್ತಿಕೊಂಡು ಹೋದ. ಅದರಲ್ಲಿ ಸಿಪ್ಪೆ ಕೂಡ ಇನ್ನೂ ಬಿದ್ದಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಶಿಶುವಿಹಾರದ ದೊಡ್ಡ ಹಾಲ್ ಜನರಿಂದ ತುಂಬಿತ್ತು. ಕಿಟಕಿಗೆಲ್ಲ ಉದ್ದ ಪರದೆ, ಗೋಡೆಯ ಉದ್ದಕ್ಕೂ ಬ್ಯಾಗು ಇಡುವ ಕಪಾಟು, ಮೂಲೆಯಲ್ಲಿ ಪಿಯಾನೋ. ಟೇಪನ್ನು ದೊಡ್ಡ ಸ್ಪೀಕರಿಗೆ ಜೋಡಿಸಿದ್ದರು. ಒಂದರಿಂದ ಐದರವರೆಗೆ ತುಂಡು ತುಂಡು ಹಾಕಿದಳು ಸೊಸೆ. ಮಕ್ಕಳು ಉತ್ತರ ಹೇಳಿದರು, ಹಸಿರು ಅಂದರು, ಕೆಮ್ಮಿದರು. ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಹೆಡ್‌ಮಿಸ್ಸು ಉಬ್ಬಿಹೋದರು. ಆರನೆಯದೂ ಇದೆಯಲ್ಲ, ಆಟದ್ದು, ಅದನ್ನೂ ಹಾಕಿ ಅಂದರು. ಸೊಸೆ ಬೇಡ ಮೇಡಂ, ಹೊತ್ತಾಯಿತು ಅಂದಳು. ಹೊತ್ತೇನೂ ಆಗಿಲ್ಲ ಅಂತ ಅವರೇ ಕೈ ಹಾಕಿ ಕ್ಯಾಸೆಟ್ಟು ತುರುಕಿ ಗುಂಡಿ ಒತ್ತಿದರು. ಸೊಸೆ ನನ್ನ ಕಡೆ ನೋಡಿದಳು. ಅವಳ ತಪ್ಪಿಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಎಣಿಕೆ ಶುರುವಾಯಿತು. ಹದಿನಾಲ್ಕು ಮಕ್ಕಳೂ ಸದ್ದಿಲ್ಲದೆ ಎದ್ದರು. ತಳ್ಳಾಟ ಇಲ್ಲ, ಕಿಲಕಿಲ ಇಲ್ಲ. ಪರದೆಯ ಹಿಂದೆ, ಕಪಾಟಿನೊಳಗೆ, ಪಿಯಾನೋ ಕೆಳಗೆ ಹೋಗಿ ಸೇರಿಕೊಂಡರು. ಇಪ್ಪತ್ತು ಮುಗಿಯಿತು. ಎಲ್ಲಿದ್ದೀಯ ಅಂತ ಹೆಂಗಸು ಮೂರು ಸಲ ಕೇಳಿದಳು. ಆಮೇಲೆ ಅಷ್ಟು ದೊಡ್ಡ ಸ್ಪೀಕರಿನಲ್ಲಿ ಆ ಗೋಡೆ ಗಡಿಯಾರ ಮಾತ್ರ ಉಳಿಯಿತು. ಟಿಕ್, ಟಿಕ್, ಟಿಕ್.

ಮೊದಲು ಎಲ್ಲರೂ ನಕ್ಕರು. ಫೋನು ಎತ್ತಿ ವಿಡಿಯೋ ಮಾಡಿದರು. ಒಂದು ನಿಮಿಷ ಆಯಿತು, ಎರಡು ಆಯಿತು. ಒಬ್ಬ ತಾಯಿ ಮಗನನ್ನು ಕರೆದಳು, ಅವನು ಓಗೊಡಲಿಲ್ಲ. ಪರದೆಯ ಕೆಳಗೆ ಬೂಟುಗಳು ಸಾಲಾಗಿ ಕಾಣುತ್ತಿದ್ದವು. ಒಬ್ಬ ಅಪ್ಪ ಹೋಗಿ ಮಗಳ ಕೈ ಹಿಡಿದು ಹೊರಗೆ ತಂದರು. ಅವಳು ಅತ್ತೂ ಇಲ್ಲ, ಕೊಸರಿಯೂ ಇಲ್ಲ. ಅಪ್ಪ ಕೈಬಿಟ್ಟ ಕೂಡಲೇ ಹೋಗಿ ಮತ್ತೆ ಪರದೆಯ ಹಿಂದೆ ನಿಂತಳು. ಆಗ ಹಾಲಿನಲ್ಲಿ ನಗು ಸತ್ತಿತು. ಎಲ್ಲರೂ ಒಟ್ಟಿಗೆ ತಂತಮ್ಮ ಮಕ್ಕಳ ಹೆಸರು ಕೂಗತೊಡಗಿದರು. ಒಂದು ಹೆಸರಿಗೂ ಉತ್ತರ ಇಲ್ಲ, ಗಡಿಯಾರ ಮಾತ್ರ. ಮುಗೀತು ಬನ್ನಿ ಮಕ್ಕಳೇ ಅಂದಳು ಸೊಸೆ. ಸ್ಪ್ಯಾನಿಷಿನಲ್ಲೂ ಕೂಗಿದಳು. ಅವಳ ದನಿ ಹರಿದುಹೋಗಿತ್ತು, ಅದು ಟೀಚರಿನ ದನಿ, ಹೆದರಿದ ಟೀಚರಿನ ದನಿ. ಯಾರೂ ಅಲುಗಲಿಲ್ಲ.

ನನ್ನ ಟ್ರಂಕಾಲು ಎಲ್ಲೋ ಆ ಕತ್ತಲೆ ಕಪಾಟಿನಲ್ಲಿ, ಬ್ಯಾಗುಗಳ ಹಿಂದೆ, ಸತ್ತುಹೋದ ಹೆಂಗಸೊಬ್ಬಳು ಬಂದು ಹುಡುಕಲಿ ಅಂತ ಕಾಯುತ್ತಿದ್ದಾಳೆ. ನಾನು ಎದ್ದು ಸೊಸೆಯ ಪಕ್ಕ ಹೋದೆ. ಸಿಕ್ಕಿದೆ ಅನ್ನೋದಕ್ಕೆ ಏನಂತಾರೆ ಅಂತ ಕಿವಿಯಲ್ಲಿ ಕೇಳಿದೆ. ಅವಳು ಹೇಳಿದಳು. ಎರಡು ಸಲ ಹೇಳಿಸಿಕೊಂಡೆ. ಸ್ಪೀಕರಿನ ಪಕ್ಕ ಇದ್ದ ಮೈಕು ತೆಗೆದುಕೊಂಡು ಬಾಯಿಗೆ ಹತ್ತಿರ ಹಿಡಿದೆ.

ಮೂವತ್ತೊಂದು ವರ್ಷ ದುಡಿದ ದನಿ ಅದು. ರಿಟೈರ್ ಆದ ಮೇಲೆ ಒಂದು ಸಲವೂ ಹೊರಗೆ ತೆಗೆದಿರಲಿಲ್ಲ. ಗಡಿಯಾರ ಮೂರು ಸಲ ಹೊಡೆಯಲಿ ಅಂತ ಕಾದೆ, ಯಾಕೆಂದರೆ ಟೇಪಿನಲ್ಲಿ ಆ ಹೆಂಗಸಿನ ಎರಡು ಮಾತಿನ ಮಧ್ಯೆ ಯಾವಾಗಲೂ ಅಷ್ಟು ಹೊತ್ತು ಇರುತ್ತಿತ್ತು. ಆಮೇಲೆ ತಗ್ಗಿಸಿ, ಅವಸರ ಇಲ್ಲದೆ, ಹದಿನಾಲ್ಕು ಮಕ್ಕಳಿಗೆ ಅಲ್ಲ, ಒಂದೇ ಮಗುವಿಗೆ ಹೇಳುವ ಹಾಗೆ ಹೇಳಿದೆ.

"ತೆ ಎಂಕೊಂತ್ರೆ."

ಪರದೆಗಳು ಅಲುಗಿದವು. ಕಪಾಟಿನ ಬಾಗಿಲುಗಳು ತೆರೆದವು. ಮಕ್ಕಳು ನಗುತ್ತ ಹೊರಗೆ ಬಂದರು, ಎಲ್ಲರದ್ದೂ ಒಂದೇ ನಗು, ಸಣ್ಣ ನಗು, ಕೊನೆಯಲ್ಲಿ ಉಸಿರು ಸಿಕ್ಕಿಕೊಳ್ಳುವಂಥದ್ದು. ಅಪ್ಪ ಅಮ್ಮಂದಿರನ್ನು ತಬ್ಬಿಕೊಂಡ ಮೇಲೆ ಒಂದೊಂದೇ ಮಗುವಿಗೆ ತನ್ನ ನಗು ತಿರುಗಿ ಬಂತು. ನಾನು ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ, ಹದಿಮೂರೇ.

ಕೊನೆಗೆ ಪಿಯಾನೋ ಹಿಂದಿನಿಂದ ಟ್ರಂಕಾಲು ಬಂದಳು. ತಲೆಗೆಲ್ಲ ಧೂಳು. ಮೊದಲು ಟೇಪಿನ ಹತ್ತಿರ ಹೋಗಿ ಅದನ್ನು ಒಂದು ಸಲ ಮುಟ್ಟಿದಳು. ಆಮೇಲೆ ನನ್ನ ಸೆರಗು ಹಿಡಿದಳು.

"ಎಷ್ಟು ತಡ ಮಾಡಿದೆ ಅಜ್ಜಿ," ಅಂದಳು.

ಹಾಲಿನ ಮಧ್ಯೆ, ಜನರ ಮುಂದೆ, ನಾನು ಗಳಗಳ ಅತ್ತುಬಿಟ್ಟೆ. ಅವಳನ್ನು ಎತ್ತಿಕೊಳ್ಳುವಷ್ಟು ಮೊಣಕಾಲು ನನಗಿಲ್ಲ, ಆದರೂ ಎತ್ತಿಕೊಂಡೆ.

ಮುಂದಿನದ್ದು ಕೇಳಿದರೆ ನೀವು ನಗುತ್ತೀರಿ. ತಂದೆತಾಯಂದಿರು ಅದನ್ನೆಲ್ಲ ನಾಟಕ ಅಂದುಕೊಂಡರು. ಎಷ್ಟು ಚೆನ್ನಾಗಿ ತಯಾರಿ ಮಾಡಿಸಿದ್ದೀರಿ, ನಮಗೇ ಭಯ ಆಗಿಬಿಟ್ಟಿತ್ತು ಅಂತ ಸೊಸೆಯ ಕೈ ಕುಲುಕಿದರು. ಹೆಡ್‌ಮಿಸ್ಸು ಅಲ್ಲೇ ಕೆಲಸ ಕಾಯಂ ಅಂದರು. ಇಬ್ಬರು ತಾಯಂದಿರು ಮಾತ್ರ ಏನೂ ಮಾತಾಡದೆ ಮಕ್ಕಳನ್ನು ಕರೆದುಕೊಂಡು ಹೋದರು, ಆಮೇಲೆ ಕಳಿಸಲೇ ಇಲ್ಲ. ಮನೆಗೆ ಬರುವಾಗ ಸೊಸೆ ದಾರಿಯುದ್ದಕ್ಕೂ ನನ್ನ ತೋಳು ಹಿಡಿದುಕೊಂಡೇ ಬಂದಳು. ಮೊಣಕಾಲಿಗೆ ಅಂತ ಇರಬಹುದು.

ಅವಳು ಟೇಪು ಕ್ಲಾಸಿಗೆ ಒಯ್ಯುವುದನ್ನು ಬಿಟ್ಟಳು. ಆದರೂ ಟ್ರಂಕಾಲು ಒಂದು ಚೂರು ಉಳಿಸಿಕೊಂಡಿದ್ದಳು. ಮಾತು ಬಂದಿತ್ತು, ಊಟಕ್ಕೆ ರಂಪ ಬಂದಿತ್ತು, ಆದರೆ ದಿನಾ ಮಧ್ಯಾಹ್ನ ಎರಡಕ್ಕೆ ಬೀರುವಿನ ಮುಂದೆ ಹೋಗಿ ನಿಲ್ಲುತ್ತಿದ್ದಳು. ಅಲ್ಲೇನು ಅಂದರೆ, ನಾನು ಹೊರಗೆ ಬಂದೆ, ಆ ಹುಡುಗಿ ಇನ್ನೂ ಒಳಗಿದ್ದಾಳೆ ಅನ್ನುತ್ತಿದ್ದಳು. ಬೀರು ತೆಗೆದು ತೋರಿಸಿದೆ. ಬಟ್ಟೆ ಬಿಟ್ಟು ಏನಿರುತ್ತದೆ. ಅವಳು ಒಳಗೆ ನೋಡಿ, ಬಾಗಿಲು ಮೆಲ್ಲಗೆ ಮುಚ್ಚಿದಳು.

ಕ್ಯಾಸೆಟ್ಟಿನಲ್ಲಿ ಆಟವನ್ನು ಮುಗಿಸಿಬಿಡೋಣ ಅತ್ತೆ ಅಂತ ಸೊಸೆಯೇ ಹೇಳಿದಳು. ಅಳಿಸಿದ ಜಾಗದಲ್ಲಿ ನೀವು ಸಿಕ್ಕಿದೆ ಅನ್ನಿ, ಆಮೇಲೆ ನಾವೇ ಹೊಸ ಪಾಠದ ಕ್ಯಾಸೆಟ್ಟು ಮಾಡೋಣ, ನಾನು ಬರೀತೀನಿ, ದನಿ ನಿಮ್ಮದು ಅಂದಳು. ನನ್ನ ದನಿ ಬೇಕು ಅಂತ ಯಾರಾದರೂ ಕೇಳಿ ಹನ್ನೊಂದು ವರ್ಷ ಆಗಿತ್ತು.

ಭಾನುವಾರ ಮಧ್ಯಾಹ್ನ, ಊಟಕ್ಕೆ ಮೊದಲು, ಮೇಜು ಒರೆಸಿ ಕೂತೆವು. ಮಗ ಫ್ರಿಜ್ಜು ಆಫ್ ಮಾಡಿದ, ಸದ್ದು ಬರಬಾರದು ಅಂತ. ಹೆಂಗಸು ಮೂರನೇ ಸಲ ಎಲ್ಲಿದ್ದೀಯ ಅಂತ ಕೇಳಿದ ಮೇಲೆ ಸೊಸೆ ರೆಕಾರ್ಡ್ ಗುಂಡಿ ಒತ್ತಿದಳು. ಟ್ರಂಕಾಲು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದ್ದಳು. ನಾನು ಮೂರು ಎಣಿಸಿ, ಸಿಕ್ಕಿದೆ ಅಂದೆ. ಕೆಳಗಿನಿಂದ ನಗು ಬಂತು. ಗುಂಡಿ ಬಿಟ್ಟೆವು.

ಹಿಂದಕ್ಕೆ ತಿರುಗಿಸಿ ಕೇಳಿದೆವು. ಹೆಂಗಸಿನ ದನಿ, ರಸ್ತೆ. ಟಕ್. ನಮ್ಮ ಮನೆ. ನನ್ನ ದನಿ. ಆಮೇಲೆ ಮಗುವಿನ ನಗು, ಸಣ್ಣ ನಗು, ಕೊನೆಯಲ್ಲಿ ಉಸಿರು ಸಿಕ್ಕಿಕೊಂಡದ್ದು.

ಚೆನ್ನಾಗಿ ಬಂದಿದೆ, ಆದರೆ ಆ ನಗು ಅಳಿಸಬೇಕು ಅತ್ತೆ, ಅಲ್ಲಿ ಬೇರೆ ಮಕ್ಕಳು ನಗಲಿ ಅಂದಳು ಸೊಸೆ. ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಟ್ರಂಕಾಲು ಮೇಜಿನ ಕೆಳಗಿನಿಂದ ತಲೆ ಹೊರಗೆ ಹಾಕಿದಳು.

"ಅದು ನಾನಲ್ಲ ಅಜ್ಜಿ," ಅಂದಳು.

ಮಕ್ಕಳಿಗೆ ತಮ್ಮ ದನಿ ಟೇಪಿನಲ್ಲಿ ಗುರುತು ಸಿಗುವುದಿಲ್ಲ, ದೊಡ್ಡವರಿಗೂ ಸಿಗುವುದಿಲ್ಲ ಅಂದ ಮಗ. ನಿಜವೇ. ನಾನು ಇನ್ನೊಂದು ಸಲ ಹಾಕಿ ಕೇಳಿದೆ. ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ಮೂರನೇ ಸಲ ಕೇಳಿದೆ. 'ಹಲೋ' ಅಂದರೆ ಸಾಕಾಗುತ್ತಿದ್ದ ಕಿವಿ ಇದು. ನನ್ನ ಸ್ವಂತ ಮೊಮ್ಮಗಳ ನಗುವೋ ಅಲ್ಲವೋ ಅಂತ ನನಗೆ ಹೇಳಲಾಗಲಿಲ್ಲ.

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಒಂದು ಕೋಣೆಯಲ್ಲಿ ಗಡಿಯಾರದ ಕೆಳಗೆ ಆರು ತಿಂಗಳು ಹೀಗೇ ಬೆರಳಿಟ್ಟುಕೊಂಡು ಕೂತಿದ್ದ ಆ ಮನುಷ್ಯನ ನೆನಪಾಯಿತು. ನಾನು ಬೆರಳು ತೆಗೆದೆ. ಕ್ಯಾಸೆಟ್ಟು ಹೊರಗೆ ತೆಗೆದು, ಅದರ ಬೆನ್ನಿನ ಮೇಲೆ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತವಲ್ಲ, ಅವು ಇರುವವರೆಗೆ ಮಾತ್ರ ಅಳಿಸಲು ಬರುತ್ತದೆ, ಅವೆರಡನ್ನೂ ಚಾಕುವಿನ ತುದಿಯಿಂದ ಮುರಿದು ಕಸದ ಬುಟ್ಟಿಗೆ ಹಾಕಿದೆ.

"ಯಾರದ್ದಾದರೂ ಇರಲಿ," ಅಂದೆ. "ಊಟಕ್ಕೆ ಏಳಿ."

ಟ್ರಂಕಾಲು ಹೋಗಿ ಬೀರುವಿನ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟು, ಬಂದು ತನ್ನ ಕುರ್ಚಿಯಲ್ಲಿ ಕೂತಳು.